ಹಿಮದ ನಾಡಿನ ಅಂಗಳಕ್ಕೆ ಯಾವುದು ತಕ್ಕದ್ದು: ಮಿನ್ನೆಸೋಟದ ಮನೆಗಳಿಗೊಂದು ಹೋಲಿಕೆ

ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಅವಳಿ ನಗರಗಳ ಸುತ್ತಮುತ್ತ ಮನೆ ಕೊಂಡ ನಮ್ಮವರು ಅಂಗಳವನ್ನು ಕುರಿತು ಯೋಚಿಸಲು ತೊಡಗುವುದು ಸಾಮಾನ್ಯವಾಗಿ ಮೇ ತಿಂಗಳಿನಲ್ಲಿ, ಅಂಗಡಿಗಳ ಮುಂದೆ ಹೂವಿನ ಕುಂಡಗಳು ಸಾಲುಗಟ್ಟಿದಾಗ. ಲೆಕ್ಕವನ್ನು ಅಲ್ಲಿಂದ ಹಿಡಿದರೆ ಖರ್ಚೆಲ್ಲ ಐದು ತಿಂಗಳೂ ತುಂಬದ ಬೇಸಿಗೆಗೆ ಆಗಿಹೋಗುತ್ತದೆ ಮತ್ತು ಉಳಿದ ಏಳು ತಿಂಗಳು ಮನೆಯ ಮುಂಭಾಗ ಬೋಳಾಗಿಯೇ ಉಳಿಯುತ್ತದೆ. ಇಬ್ಬನಿ ಹೆಪ್ಪುಗಟ್ಟಿ ಎಳೆಯ ಸಸಿಗಳನ್ನು ಸುಡುವ ಫ್ರಾಸ್ಟ್ ಇಲ್ಲಿ ಮೇ ತಿಂಗಳ ಮೊದಲರ್ಧದವರೆಗೂ ಬೀಳಬಹುದು. ಅಕ್ಟೋಬರ್ ಆರಂಭದ ಹೊತ್ತಿಗೆ ಅದು ಮತ್ತೆ ಬರುತ್ತದೆ. ಆದ್ದರಿಂದ ಈ ಹೋಲಿಕೆಯನ್ನು ಚಳಿಗಾಲದಿಂದಲೇ ಆರಂಭಿಸಿದ್ದೇನೆ. ಎರಡು ವಸ್ತುಗಳ ನಡುವೆ ಯಾವುದನ್ನು ಕೊಳ್ಳಬೇಕೆಂಬ ಸಂದೇಹ ಬಂದಾಗ, ಜನವರಿಯಲ್ಲಿ ಇದರ ಗತಿ ಏನು ಎಂದು ಕೇಳಿಕೊಳ್ಳುವುದು ನನ್ನ ಮಟ್ಟಿಗೆ ಮೊದಲ ಅಳತೆಗೋಲು.

ಚೀಟಿಯ ಮೇಲಿನ ಝೋನ್ ಸಂಖ್ಯೆ

ನರ್ಸರಿಯಲ್ಲಿ ಪ್ರತಿ ಗಿಡದ ಚೀಟಿಯ ಮೇಲೂ ಒಂದು ಝೋನ್ ಸಂಖ್ಯೆ ಇರುತ್ತದೆ. ಇದು ಅಮೆರಿಕದ ಕೃಷಿ ಇಲಾಖೆಯ ನಕ್ಷೆಯಿಂದ ಬಂದದ್ದು; ಒಂದು ಸ್ಥಳದಲ್ಲಿ ವರ್ಷದ ಅತಿ ಚಳಿಯ ರಾತ್ರಿಯ ಉಷ್ಣಾಂಶವನ್ನು ಮೂವತ್ತು ವರ್ಷಗಳ ಕಾಲ ತೆಗೆದುಕೊಂಡು ಸರಾಸರಿ ಮಾಡಿ ಈ ಸಂಖ್ಯೆಯನ್ನು ನಿಗದಿಪಡಿಸುತ್ತಾರೆ. ಸಂಖ್ಯೆ ಕಡಿಮೆಯಾದಷ್ಟೂ ಚಳಿ ಹೆಚ್ಚು; ಒಂದೇ ಸಂಖ್ಯೆಯಲ್ಲಿ ಬಿಗಿಂತ ಎ ಹೆಚ್ಚು ಚಳಿಯದು. 2012ರ ನಕ್ಷೆಯಲ್ಲಿ 4ಬಿ ಎಂದಿದ್ದ ಮಿನಿಯಾಪೊಲಿಸ್, 1991ರಿಂದ 2020ರವರೆಗಿನ ದಾಖಲೆಗಳನ್ನು ಆಧರಿಸಿದ 2023ರ ನಕ್ಷೆಯಲ್ಲಿ 5ಎ ಆಗಿದೆ, ಅಂದರೆ ಸರಾಸರಿ ಕನಿಷ್ಠ ಉಷ್ಣಾಂಶ ಮೈನಸ್ 26ರಿಂದ ಮೈನಸ್ 29 ಡಿಗ್ರಿ ಸೆಲ್ಸಿಯಸ್. ಹೊಸ ನಕ್ಷೆಯನ್ನು ನಂಬಿ ಝೋನ್ 5ರ ಗಿಡಗಳನ್ನು ತರಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ: ಒಂದೆರಡು ವರ್ಷ ಬಾಳಿದರೆ ಸಾಕೆನಿಸುವ ಗಿಡಕ್ಕೆ 5 ಸರಿ, ಆದರೆ ಹತ್ತಾರು ವರ್ಷ ನಿಲ್ಲಬೇಕಾದ ಮರ ಮತ್ತು ಪೊದೆಗಳಿಗೆ 4 ಅಥವಾ ಅದಕ್ಕಿಂತ ಕಡಿಮೆ ಸಂಖ್ಯೆಯೇ ಕ್ಷೇಮ. ಸರಾಸರಿ ಎಂದರೆ ಅದಕ್ಕಿಂತ ಕೆಳಗಿಳಿಯುವ ವರ್ಷಗಳೂ ಇರುತ್ತವೆ. 2019ರ ಜನವರಿ ಕೊನೆಯಲ್ಲಿ ಮಿನಿಯಾಪೊಲಿಸ್‌ನ ಉಷ್ಣಾಂಶ ಮೈನಸ್ 33 ಡಿಗ್ರಿಗೆ ಇಳಿದಿತ್ತು, ಮತ್ತು ಮರ ಸಾಯಲು ಅಂಥ ಒಂದೇ ರಾತ್ರಿ ಸಾಕು.

ಈ ಸಂಖ್ಯೆ ನೆಲದಲ್ಲಿ ನೆಟ್ಟ ಗಿಡಕ್ಕೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನು ಅನೇಕರು ಗಮನಿಸುವುದಿಲ್ಲ. ನೆಲದೊಳಗಿನ ಬೇರಿಗೆ ಸುತ್ತಲಿನ ಮಣ್ಣಿನ ಮತ್ತು ಮೇಲಿನ ಹಿಮದ ರಕ್ಷಣೆ ಇರುತ್ತದೆ, ಆದರೆ ಕುಂಡದ ಬೇರಿಗೆ ನಾಲ್ಕೂ ಕಡೆಯಿಂದ ಗಾಳಿ ಬಡಿಯುತ್ತದೆ. ಆದ್ದರಿಂದ ಕುಂಡದಲ್ಲೇ ಹೊರಗೆ ಚಳಿಗಾಲ ಕಳೆಯಬೇಕಾದ ಗಿಡ ನಿಮ್ಮ ಊರಿನ ಝೋನ್‌ಗಿಂತ ಎರಡು ಮೆಟ್ಟಿಲು ಹೆಚ್ಚು ಗಟ್ಟಿಯಾಗಿರಬೇಕೆಂಬುದು ಇಲ್ಲಿನ ತೋಟಗಾರರ ರೂಢಿಯ ನಿಯಮ. ಅವಳಿ ನಗರಗಳಲ್ಲಿ ಇದರರ್ಥ ಝೋನ್ 3 ಎಂದಾಗುತ್ತದೆ.

ಚಳಿಗಾಲದ ಕುಂಡ: ಜೀವಂತ ಗಿಡ, ಕಡಿದ ರೆಂಬೆ, ಪ್ಲಾಸ್ಟಿಕ್

ನವೆಂಬರ್ ಬಂತೆಂದರೆ ತಲೆಬಾಗಿಲಿನ ಎರಡೂ ಬದಿಯಲ್ಲಿ ಹಸಿರು ತುಂಬಿದ ಕುಂಡಗಳನ್ನು ಇಡುವುದು ಇಲ್ಲಿನ ಪದ್ಧತಿ. ಇದಕ್ಕೆ ಮೂರು ದಾರಿಗಳಿವೆ. ಪುಟ್ಟ ಸ್ಪ್ರೂಸ್ ಅಥವಾ ಆರ್ಬರ್‌ವೈಟಿಯಂಥ ನಿತ್ಯಹಸಿರು ಗಿಡವನ್ನು ಬೇರುಸಹಿತ ಕುಂಡದಲ್ಲಿಡುವುದು ನೋಡಲು ಅತ್ಯಂತ ಸಹಜವಾದ ದಾರಿ, ಅದೇ ಅತ್ಯಂತ ದುಬಾರಿಯಾದದ್ದೂ ಹೌದು. ಫೆಬ್ರವರಿ ಕೊನೆಯಿಂದ ಬಿಸಿಲು ಏರತೊಡಗಿದಾಗ ಎಲೆಗಳು ತೇವವನ್ನು ಕಳೆದುಕೊಳ್ಳುತ್ತವೆ. ಆದರೆ ಬೇರು ಹೆಪ್ಪುಗಟ್ಟಿದ ಮಣ್ಣಿನಲ್ಲಿ ಸಿಕ್ಕಿಕೊಂಡಿರುವುದರಿಂದ ನೀರನ್ನು ಮೇಲಕ್ಕೆ ಕಳಿಸಲಾರದು, ಹೀಗಾಗಿ ಗಿಡ ಚಳಿಗಾಲದ ಕೊನೆಯಲ್ಲಿ ಬಾಯಾರಿ ಕಂದುಬಣ್ಣಕ್ಕೆ ತಿರುಗುತ್ತದೆ. ಮೇ ತಿಂಗಳಿನಲ್ಲಿ ನೆಲಕ್ಕೆ ಇಳಿಸಿದರೆ ಬದುಕೀತೆಂಬ ಆಸೆಯಿಂದ ಕೊಂಡ ಗಿಡಗಳಲ್ಲಿ ಬಹಳಷ್ಟು ಆ ಮೇ ತಿಂಗಳನ್ನು ಕಾಣುವುದಿಲ್ಲ. ಆರ್ಬರ್‌ವೈಟಿಯಾದರೆ ಮೊಲ ಮತ್ತು ಜಿಂಕೆಗಳ ಕಾಟವೂ ಸೇರಿಕೊಳ್ಳುತ್ತದೆ.

ಕಡಿದ ರೆಂಬೆಗಳ ಕುಂಡವನ್ನೇ ನಾನು ಮೊದಲ ಆಯ್ಕೆಯಾಗಿ ಸೂಚಿಸುತ್ತೇನೆ. ಸ್ಪ್ರೂಸ್ ಮರದ ತುದಿಗಳು, ಬಾಲ್ಸಂ ಫರ್ ಮತ್ತು ಪೈನ್ ರೆಂಬೆಗಳು, ಎತ್ತರಕ್ಕೆ ಬರ್ಚ್ ಮರದ ಬಿಳಿಯ ಕೋಲುಗಳು, ಬಣ್ಣಕ್ಕೆ ಕೆಂಪು ಡಾಗ್‌ವುಡ್ ಕಡ್ಡಿಗಳು, ಇವಿಷ್ಟಿದ್ದರೆ ಸಾಕು. ಬೇಸಿಗೆಯ ಹೂಗಿಡಗಳನ್ನು ಕಿತ್ತ ಮೇಲೆ ಉಳಿಯುವ ಹಳೆಯ ಮಣ್ಣಿನಲ್ಲೇ ಇವುಗಳನ್ನು ಆಳವಾಗಿ ಚುಚ್ಚಿ, ಮಣ್ಣು ಗಟ್ಟಿಯಾಗುವವರೆಗೆ ಚೆನ್ನಾಗಿ ನೀರು ಹಾಕಬೇಕು. ಮಣ್ಣು ಹೆಪ್ಪುಗಟ್ಟಿದೊಡನೆ ರೆಂಬೆಗಳು ಸಿಮೆಂಟಿನಲ್ಲಿ ನೆಟ್ಟಂತೆ ನಿಲ್ಲುತ್ತವೆ, ಯಾವ ಬಿರುಗಾಳಿಗೂ ಅಲುಗುವುದಿಲ್ಲ. ನವೆಂಬರ್ ಮಧ್ಯದೊಳಗೆ ಈ ಕೆಲಸ ಮುಗಿಯಬೇಕು, ಏಕೆಂದರೆ ಕುಂಡದ ಮಣ್ಣು ನೆಲಕ್ಕಿಂತ ಮೊದಲೇ ಕಲ್ಲಾಗುತ್ತದೆ. ಇಲ್ಲಿ ಚಳಿಯೇ ಶೀತಲಪೆಟ್ಟಿಗೆಯ ಕೆಲಸ ಮಾಡುವುದರಿಂದ ಸ್ಪ್ರೂಸ್ ಹಸಿರು ಮಾರ್ಚ್‌ವರೆಗೂ ಬಾಡುವುದಿಲ್ಲ. ಸತ್ತ ರೆಂಬೆಗೆ ಸಾಯುವ ಭಯವಿಲ್ಲವೆಂಬುದು ಒರಟು ಮಾತಾದರೂ ಈ ಆಯ್ಕೆಯ ಗುಟ್ಟು ಅದರಲ್ಲೇ ಇದೆ.

ರೆಂಬೆಗಳನ್ನು ಎಲ್ಲಿಂದ ತರುವುದು ಎಂಬಲ್ಲಿ ಮಾತ್ರ ಎಚ್ಚರವಿರಲಿ. ಸ್ಪ್ರೂಸ್ ತುದಿಗಳು ಮತ್ತು ಬರ್ಚ್ ಕೋಲುಗಳ ಕಳ್ಳತನ ರಾಜ್ಯದ ಉತ್ತರದ ಕಾಡುಗಳಲ್ಲಿ ನಿಜವಾದ ಸಮಸ್ಯೆಯಾಗಿದ್ದು, ಜಮೀನಿನ ಒಡೆಯರ ಲಿಖಿತ ಒಪ್ಪಿಗೆಯಿಲ್ಲದೆ ಇವುಗಳನ್ನು ಕಡಿದು ಸಾಗಿಸುವುದು ಕಾನೂನಿಗೆ ವಿರುದ್ಧ. ನರ್ಸರಿಯಲ್ಲಿ ಕೊಳ್ಳುವುದು ನೇರವಾದ ದಾರಿ. ಅಂಗಳದಲ್ಲಿ ಜಾಗವಿದ್ದರೆ ಕೆಂಪು ಡಾಗ್‌ವುಡ್ ಪೊದೆಯೊಂದನ್ನು ನೆಟ್ಟುಕೊಳ್ಳುವುದು ಅದಕ್ಕಿಂತ ಒಳ್ಳೆಯದು. ಇದು ಈ ನೆಲದ್ದೇ ಗಿಡ. ಹೊಸ ಕಡ್ಡಿಗಳಲ್ಲೇ ಬಣ್ಣ ಗಾಢವಾಗಿರುವುದರಿಂದ ಹಳೆಯ ಕಡ್ಡಿಗಳನ್ನು ವರ್ಷವರ್ಷವೂ ಕತ್ತರಿಸುವುದು ಪೊದೆಗೂ ಹಿತ.

ಪ್ಲಾಸ್ಟಿಕ್ ರೆಂಬೆಗಳ ಪರವಾಗಿ ಹೇಳಬಹುದಾದದ್ದು, ಅವುಗಳನ್ನು ಮತ್ತೆ ಮತ್ತೆ ಬಳಸಬಹುದು ಎಂಬುದೊಂದೇ. ಬಿಸಿಲು ಬೀಳುವ ದಕ್ಷಿಣದ ಬಾಗಿಲಿನಲ್ಲಿ ಅವುಗಳ ಬಣ್ಣ ಮಾಸುತ್ತದೆ. ಸೂರು ಇರುವ ಪೋರ್ಚ್‌ನಲ್ಲಿ, ಬೀದಿಯಿಂದ ದೂರದಲ್ಲಿ, ನಡೆದೀತು. ಬಾಗಿಲಿಗೆ ತೂಗುಹಾಕುವ ರೀತ್, ಅಂದರೆ ರೆಂಬೆಗಳ ಬಳೆ, ಹೊರ ರಾಜ್ಯದಿಂದ ಬಂದ ಫ್ರೇಸರ್ ಫರ್‌ನದಾಗಿದ್ದರೆ ಅದರಲ್ಲಿ ಎಲಾಂಗೇಟ್ ಹೆಮ್‌ಲಾಕ್ ಸ್ಕೇಲ್ ಎಂಬ ಶಲ್ಕಕೀಟ ಇರುವ ಸಾಧ್ಯತೆಯುಂಟು ಎಂದು ರಾಜ್ಯದ ಕೃಷಿ ಇಲಾಖೆ ಎಚ್ಚರಿಸಿದೆ. ಅಂಥದ್ದನ್ನು ಹಬ್ಬದ ನಂತರ ಹಿತ್ತಲಿನ ಗೊಬ್ಬರದ ಗುಂಡಿಗೆ ಎಸೆಯದೆ, ಚೀಲದಲ್ಲಿ ಕಟ್ಟಿ ಕಸಕ್ಕೆ ಕೊಡಬೇಕು.

ಕುಂಡ ಯಾವುದರದಾಗಿರಬೇಕೆಂಬ ಪ್ರಶ್ನೆಗೆ ಉತ್ತರ ಸುಲಭ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಸುಟ್ಟ ಮಣ್ಣಿನ ಕುಂಡ ನೀರು ಹೀರಿಕೊಂಡಿರುತ್ತದೆ, ಆದ್ದರಿಂದ ಅದು ಒಡೆಯುತ್ತದೆ. ಹೊಳಪು ಲೇಪಿಸಿದ ಪಿಂಗಾಣಿಯದ್ದೂ ಹೆಚ್ಚು ಕಡಿಮೆ ಹಾಗೆಯೇ. ಫೈಬರ್‌ಗ್ಲಾಸ್, ಮರ, ಲೋಹ ಅಥವಾ ದಪ್ಪ ಪ್ಲಾಸ್ಟಿಕ್‌ನ ಕುಂಡಗಳನ್ನು, ತಳದ ತೂತು ಮುಚ್ಚದಂತೆ ನೋಡಿಕೊಂಡು, ಹೊರಗೆ ಬಿಡಬಹುದು.

ಬೆಳಕು: ತಂತಿಯ ದೀಪ, ಸೌರದೀಪ, ಹಣತೆ, ಮಂಜಿನ ದೀಪ

ಡಿಸೆಂಬರ್ ಮೂರನೆಯ ವಾರದಲ್ಲಿ ಮಿನಿಯಾಪೊಲಿಸ್‌ನ ಹಗಲು ಎಂಟು ಮುಕ್ಕಾಲು ಗಂಟೆ ಮಾತ್ರ. ಇದೊಂದು ಅಂಶವೇ ಸೌರದೀಪಗಳನ್ನು ಪಟ್ಟಿಯಿಂದ ತೆಗೆದುಹಾಕಲು ಸಾಕು, ಏಕೆಂದರೆ ಬಿಸಿಲು ಕಡಿಮೆ, ಫಲಕದ ಮೇಲೆ ಹಿಮ ಕೂರುತ್ತದೆ, ಚಳಿಗೆ ಬ್ಯಾಟರಿಯ ಶಕ್ತಿಯೂ ಕುಗ್ಗುತ್ತದೆ. ಬೇಸಿಗೆಯ ಕಾಲುದಾರಿಗೆ ಅವು ಚೆನ್ನ, ಚಳಿಗಾಲಕ್ಕಲ್ಲ. ಬ್ಯಾಟರಿ ಹಾಕಿ ಬೆಳಗಿಸುವ ಸರಗಳಿಗೂ ಸಾಮಾನ್ಯ ಆಲ್ಕಲೈನ್ ಸೆಲ್‌ಗಿಂತ ಲಿಥಿಯಂ ಸೆಲ್ ಚಳಿಯಲ್ಲಿ ಬಹಳ ಹೆಚ್ಚು ಕಾಲ ಬಾಳುತ್ತದೆ.

ಹಳೆಯ ಮಾದರಿಯ ಬಿಸಿ ಬಲ್ಬಿನ ಸರ ಮತ್ತು ಎಲ್‌ಇಡಿ ಸರಗಳ ನಡುವೆ ಹಣದ ಲೆಕ್ಕ ಸ್ಪಷ್ಟವಾಗಿದೆ. ನೂರು ಪುಟ್ಟ ಬಲ್ಬುಗಳ ಹಳೆಯ ಸರಕ್ಕೆ ಸುಮಾರು 40 ವ್ಯಾಟ್ ಬೇಕು, ಎಲ್‌ಇಡಿ ಸರಕ್ಕೆ 5 ವ್ಯಾಟಿನ ಆಸುಪಾಸು. ಐದು ಸರಗಳನ್ನು ದಿನಕ್ಕೆ ಆರು ಗಂಟೆಯಂತೆ ನಲವತ್ತೈದು ದಿನ ಉರಿಸಿದರೆ ಮೊದಲನೆಯದಕ್ಕೆ 54 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ, ಎರಡನೆಯದಕ್ಕೆ ಏಳು ಯೂನಿಟ್ ಕೂಡ ಆಗುವುದಿಲ್ಲ. ಹಳೆಯ ಬಲ್ಬಿನ ಬಿಸಿಗೆ ಮೇಲೆ ಕೂತ ಹಿಮ ಕರಗುತ್ತಿತ್ತು, ಎಲ್‌ಇಡಿ ಹಿಮದೊಳಗೇ ಹೂತು ಮಂದವಾಗಿ ಬೆಳಗುತ್ತದೆ ಎಂಬ ವ್ಯತ್ಯಾಸವೊಂದಿದೆ. ಪೊದೆಗಳ ಮೇಲೆ ಹಾಸುವವರಿಗೆ ಇದು ಕೊರತೆಯೆನಿಸಿದರೂ ನನಗೆ ಆ ಮಂದ ಬೆಳಕೇ ಹೆಚ್ಚು ಇಷ್ಟ. ಯಾವುದನ್ನು ಕೊಂಡರೂ ಹೊರಾಂಗಣಕ್ಕೆಂದು ಚೀಟಿಯಿರುವ ತಂತಿಯನ್ನು, ಜಿಎಫ್‌ಸಿಐ, ಅಂದರೆ ವಿದ್ಯುತ್ ಸೋರಿದೊಡನೆ ಹರಿವನ್ನು ಕಡಿಯುವ ರಕ್ಷಣೆಯಿರುವ ಪ್ಲಗ್ಗಿಗೆ ಮಾತ್ರ ಜೋಡಿಸಬೇಕು. ಸೂರಿನ ಅಂಚಿಗೆ ಸರ ಕಟ್ಟುವ ಕೆಲಸವನ್ನು ಅಕ್ಟೋಬರ್‌ನಲ್ಲಿ, ಏಣಿಯ ಕೆಳಗೆ ಮಂಜುಗಡ್ಡೆ ಇಲ್ಲದಿರುವಾಗಲೇ ಮುಗಿಸಿಬಿಡುವುದು ಜಾಣತನ. ನೆರೆಯವರು ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆಯುವವರೆಗೂ ಕಾಯುತ್ತಾರೆ, ನಮಗೆ ದೀಪಾವಳಿಯ ನೆಪವಿದೆ. ಟೌನ್‌ಹೋಮ್‌ಗಳಲ್ಲಿರುವವರು ಮಾತ್ರ ದೀಪಗಳನ್ನು ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು ಎಂಬ ಬಗ್ಗೆ ತಮ್ಮ ಬಡಾವಣೆಯ ಸಂಘದ ನಿಯಮವನ್ನು ಮೊದಲೇ ಓದಿಕೊಳ್ಳಬೇಕು.

ದೀಪಾವಳಿಗೆ ಹೊರಗೆ ಹಣತೆ ಇಡುವವರು ಎಣ್ಣೆಯನ್ನು ನೋಡಿ ಆರಿಸಬೇಕು. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ತುಪ್ಪವೂ ಹಾಗೆಯೇ, ಎಳ್ಳೆಣ್ಣೆ ಮಾತ್ರ ಸೊನ್ನೆ ಡಿಗ್ರಿಯಲ್ಲೂ ದ್ರವವಾಗಿರುತ್ತದೆ. ಕಾಗದದ ಆಕಾಶಬುಟ್ಟಿಯನ್ನು ಸೂರಿನ ಅಡಿಯಲ್ಲೇ ತೂಗುಹಾಕಬೇಕು, ಏಕೆಂದರೆ ಆ ಹೊತ್ತಿಗೆ ಮಳೆಯೂ ಹಿಮವೂ ಬೆರೆತು ಬೀಳಬಹುದು. ಅಕ್ಟೋಬರ್‌ನಲ್ಲಿ ಇಷ್ಟೆಲ್ಲ ಹೆದರಿಕೆ ಏಕೆ ಎನ್ನುವವರಿಗೆ 1991ರ ಹ್ಯಾಲೋವೀನ್ ಬಿರುಗಾಳಿಯನ್ನು ನೆನಪಿಸಬಹುದು. ಅಕ್ಟೋಬರ್ 31ರಂದು ಶುರುವಾದ ಅದು ನವೆಂಬರ್ 3ರ ಹೊತ್ತಿಗೆ ಅವಳಿ ನಗರಗಳ ಮೇಲೆ 72 ಸೆಂಟಿಮೀಟರ್ ಹಿಮ ಸುರಿದಿತ್ತು.

ಜನವರಿಯ ಅಲಂಕಾರದಲ್ಲಿ ಖರ್ಚೇ ಇಲ್ಲದ, ಆದರೂ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಸುಂದರವಾದದ್ದು ಮಂಜಿನ ದೀಪ. ಬಕೆಟ್ಟಿನಲ್ಲಿ ನೀರು ತುಂಬಿ ಮೈನಸ್ 10 ಡಿಗ್ರಿಯ ಆಸುಪಾಸಿನ ಚಳಿಯಲ್ಲಿ ಹೊರಗಿಟ್ಟರೆ ಹೊರಪದರ ಮೊದಲು ಗಟ್ಟಿಯಾಗುತ್ತದೆ. ಒಳಗಿನ ನೀರು ಹೆಪ್ಪುಗಟ್ಟುವ ಮೊದಲೇ ಅದನ್ನು ಚೆಲ್ಲಿ, ಉಳಿದ ಟೊಳ್ಳಿನಲ್ಲಿ ಮೇಣದಬತ್ತಿ ಇಟ್ಟರಾಯಿತು. ಮಿನಿಯಾಪೊಲಿಸ್‌ನ ಲೇಕ್ ಆಫ್ ದಿ ಐಲ್ಸ್ ಕೆರೆಯ ಮೇಲೆ ನಡೆಯುವ ಲ್ಯೂಮಿನರಿ ಲಾಪೆಟ್ ಉತ್ಸವದಲ್ಲಿ ಇಂಥ ದೀಪಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಗಾಳಿ ತುಂಬಿ ನಿಲ್ಲಿಸುವ ದೈತ್ಯ ಬೊಂಬೆಗಳ ವಿಷಯದಲ್ಲಿ ಹೇಳಲು ಹೆಚ್ಚೇನೂ ಇಲ್ಲ. ಮಕ್ಕಳಿಗೆ ಸಂತೋಷ, ಒದ್ದೆ ಹಿಮ ಬಿದ್ದ ಬೆಳಿಗ್ಗೆ ನೆಲಕಚ್ಚಿರುತ್ತವೆ.

ಶರತ್ಕಾಲದ ಬಣ್ಣ

ಸೆಪ್ಟೆಂಬರ್‌ನಲ್ಲಿ ಅಂಗಡಿಗಳಲ್ಲಿ ತುಂಬಿರುವ ಸೇವಂತಿಗೆಯ ಕುಂಡಗಳನ್ನು ಆರು ವಾರಗಳ ಅಲಂಕಾರವೆಂದು ತಿಳಿದೇ ಕೊಳ್ಳಬೇಕು. ಅರಳಿದ ಗಿಡವನ್ನು ಆಗ ನೆಲಕ್ಕೆ ನೆಟ್ಟರೆ ಚಳಿಗೆ ಮುನ್ನ ಬೇರೂರಲು ಕಾಲ ಸಾಲದು. ವರ್ಷವರ್ಷವೂ ಬರಬೇಕೆಂದರೆ ಮಿನ್ನೆಸೋಟ ವಿಶ್ವವಿದ್ಯಾಲಯ ಚಳಿ ತಡೆಯುವಂತೆ ಬೆಳೆಸಿದ ಸೇವಂತಿಗೆ ತಳಿಗಳನ್ನು ವಸಂತದಲ್ಲಿ ನೆಡಬೇಕು. ಎಲೆಕೋಸಿನ ಜಾತಿಯ ಅಲಂಕಾರದ ಕೇಲ್ ಇನ್ನೂ ಗಟ್ಟಿ, ಚಳಿ ಹೆಚ್ಚಿದಷ್ಟೂ ಅದರ ನೇರಳೆ ಗಾಢವಾಗುತ್ತದೆ. ಕುಂಬಳಕಾಯಿಯನ್ನು ಕೆತ್ತದೆ ಇಟ್ಟರೆ ವಾರಗಟ್ಟಲೆ ಉಳಿಯುತ್ತದೆ, ಕೆತ್ತಿದರೆ ಕೆಲವೇ ದಿನ. ಅಳಿಲುಗಳು ಎರಡನ್ನೂ ಬಿಡುವುದಿಲ್ಲ. ದಸರೆಗೆ ಚೆಂಡುಹೂವಿನ ತೋರಣ ಬೇಕೆನ್ನುವವರು ಮೇ ಕೊನೆಯಲ್ಲಿ ಬಿತ್ತಿದರೆ ಸೆಪ್ಟೆಂಬರ್ ತುಂಬ ಹೂ ಸಿಗುತ್ತದೆ. ಹಬ್ಬ ಅಕ್ಟೋಬರ್ ಮಧ್ಯಕ್ಕೆ ಜಾರಿದ ವರ್ಷ, ಫ್ರಾಸ್ಟ್ ಮುನ್ಸೂಚನೆಯಿರುವ ರಾತ್ರಿಗಳಲ್ಲಿ ಗಿಡಗಳ ಮೇಲೆ ಹಳೆಯ ಬೆಡ್‌ಶೀಟ್ ಹೊದಿಸಬೇಕಾಗುತ್ತದೆ.

ಗುಲಾಬಿ, ಹೈಡ್ರೇಂಜಿಯ ಮತ್ತು ಗೆಡ್ಡೆಗಳು

ಗುಲಾಬಿಯಲ್ಲಿ ಆಯ್ಕೆ ಎಂದರೆ ಶ್ರಮದ ಆಯ್ಕೆ. ನಮ್ಮೂರಿನ ಹೂವಿನಂಗಡಿಗಳಲ್ಲಿ ಕಾಣುವಂಥ ಉದ್ದ ಕಾಂಡದ ಹೈಬ್ರಿಡ್ ಟೀ ಗುಲಾಬಿಯನ್ನು ಇಲ್ಲಿ ಉಳಿಸಿಕೊಳ್ಳಲು ಈ ರಾಜ್ಯದ ಹೆಸರನ್ನೇ ಹೊತ್ತ ಮಿನ್ನೆಸೋಟ ಟಿಪ್ ಎಂಬ ವಿಧಾನವಿದೆ. ಅಕ್ಟೋಬರ್ ಮಧ್ಯದ ನಂತರ ಗಿಡದ ಕೊಂಬೆಗಳನ್ನು ಒಟ್ಟಿಗೆ ಕಟ್ಟಿ, ಪಕ್ಕದಲ್ಲಿ ಕಾಲುವೆಯಂತೆ ತೋಡಿ, ಬೇರನ್ನು ಒಂದು ಬದಿಯಲ್ಲಿ ಸಡಿಲಿಸಿ, ಇಡೀ ಗಿಡವನ್ನು ಅದರೊಳಗೆ ಮಲಗಿಸಿ ಮಣ್ಣು ಮುಚ್ಚಿ, ಮೇಲೆ ತರಗೆಲೆಗಳನ್ನು ದಪ್ಪವಾಗಿ ಹರಡುತ್ತಾರೆ. ಏಪ್ರಿಲ್‌ನಲ್ಲಿ ಮತ್ತೆ ಎಬ್ಬಿಸಿ ನಿಲ್ಲಿಸುತ್ತಾರೆ. ಒಂದೆರಡು ಗಿಡಗಳಿಗೆ ಇದು ಸಂತೋಷದ ಕೆಲಸವಾದೀತು, ಹತ್ತು ಗಿಡಗಳಿಗೆ ಕೂಲಿ. ಕೆನಡಾದ ಕೃಷಿ ಇಲಾಖೆ ಬೆಳೆಸಿದ ಎಕ್ಸ್‌ಪ್ಲೋರರ್ ಸರಣಿಯ ವಿಲಿಯಂ ಬ್ಯಾಫಿನ್‌ನಂಥ ಪೊದೆ ಗುಲಾಬಿಗಳಿಗೆ ಇದಾವುದೂ ಬೇಡ. ಹೂವಿನ ಆಕಾರದಲ್ಲಿ ಅವು ಟೀ ಗುಲಾಬಿಗೆ ಸಮನಲ್ಲವೆಂಬುದು ನಿಜ, ಆದರೆ ಹೊಸಬರು ಮೊದಲು ಅವುಗಳನ್ನೇ ನೆಡಲಿ.

ಹೈಡ್ರೇಂಜಿಯದಲ್ಲಿ ನೀಲಿ ಹೂವಿನ ದೊಡ್ಡೆಲೆಯ ಜಾತಿ ಕಣ್ಸೆಳೆಯುತ್ತದೆ, ಆದರೆ ಅದರ ಬಹುತೇಕ ತಳಿಗಳು ಹಿಂದಿನ ವರ್ಷದ ಕೊಂಬೆಯ ಮೇಲೆ ಮೊಗ್ಗು ಕಟ್ಟುವುದರಿಂದ ಚಳಿಗೆ ಮೊಗ್ಗು ಸತ್ತು, ಬೇಸಿಗೆಯಲ್ಲಿ ಬರೀ ಎಲೆ ಉಳಿಯುತ್ತದೆ. ಪ್ಯಾನಿಕಲ್ ಜಾತಿ ಹೊಸ ಚಿಗುರಿನಲ್ಲೇ ಹೂ ಬಿಡುತ್ತದೆ, ಅದರ ಒಣಗಿದ ಗೊಂಚಲುಗಳು ಹಿಮದಲ್ಲೂ ನಿಂತಿರುತ್ತವೆ, ಕತ್ತರಿಸಿ ಚಳಿಗಾಲದ ಕುಂಡಕ್ಕೂ ಸೇರಿಸಬಹುದು. ಅಜೇಲಿಯ ಬೇಕೆನ್ನುವವರಿಗೆ ಮಿನ್ನೆಸೋಟ ವಿಶ್ವವಿದ್ಯಾಲಯವು 1978ರಿಂದ ಬಿಡುಗಡೆ ಮಾಡಿದ ನಾರ್ದರ್ನ್ ಲೈಟ್ಸ್ ಸರಣಿ ಇದೆ. ಅದರ ಮೊಗ್ಗುಗಳು ಮೈನಸ್ 34 ಡಿಗ್ರಿಯನ್ನೂ ತಾಳುತ್ತವೆ.

ವಸಂತದ ಗೆಡ್ಡೆಗಳನ್ನು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ, ಹದಿನೈದರಿಂದ ಇಪ್ಪತ್ತು ಸೆಂಟಿಮೀಟರ್ ಆಳದಲ್ಲಿ ನೆಡಬೇಕು. ಟ್ಯೂಲಿಪ್ ಅರಳಲು ಹನ್ನೆರಡು ವಾರಗಳಿಗೂ ಹೆಚ್ಚು ಚಳಿ ಬೇಕು, ಬೆಂಗಳೂರಿನಲ್ಲಿ ಸಿಗದ ಆ ಭಾಗ್ಯ ಇಲ್ಲಿ ಪುಕ್ಕಟೆ. ಆದರೆ ಟ್ಯೂಲಿಪ್‌ನ ಗೆಡ್ಡೆಯನ್ನು ಅಳಿಲು, ಮೊಗ್ಗನ್ನು ಮೊಲ ಮತ್ತು ಜಿಂಕೆ ತಿನ್ನುತ್ತವೆ, ಉಳಿದದ್ದು ವರ್ಷದಿಂದ ವರ್ಷಕ್ಕೆ ಬಡವಾಗುತ್ತದೆ. ಡ್ಯಾಫೊಡಿಲ್ ವಿಷಕಾರಿಯಾದ್ದರಿಂದ ಯಾವ ಪ್ರಾಣಿಯೂ ಮುಟ್ಟುವುದಿಲ್ಲ, ಗುಂಪು ಗುಂಪಾಗಿ ಬೆಳೆಯುತ್ತ ಹೋಗುತ್ತದೆ. ಬೇಲಿ ಇಲ್ಲದ ಅಂಗಳಕ್ಕೆ ಡ್ಯಾಫೊಡಿಲ್ ಮತ್ತು ಈರುಳ್ಳಿ ಜಾತಿಯ ಹೂಗಿಡವಾದ ಆಲಿಯಂ, ಬೇಲಿಯೊಳಗೆ ಒಂದಿಷ್ಟು ಟ್ಯೂಲಿಪ್ ಎಂಬುದು ನನ್ನ ಹಂಚಿಕೆ. ಸೈಬೀರಿಯನ್ ಸ್ಕ್ವಿಲ್ ಎಂಬ ನೀಲಿ ಹೂವು ಅಗ್ಗವಾಗಿದ್ದರೂ ಹುಲ್ಲುಹಾಸನ್ನು ದಾಟಿ ಕಾಡಿಗೆ ಹಬ್ಬುತ್ತದೆ, ಅದನ್ನು ಬಿಡುವುದು ಮೇಲು.

ಬಳ್ಳಿಗೆ ಕಮಾನು ಅಥವಾ ದೀಪಕ್ಕೆ ಕಂಬ ನಿಲ್ಲಿಸುವವರು ಒಂದು ಸಂಗತಿಯನ್ನು ತಿಳಿದಿರಬೇಕು. ಅವಳಿ ನಗರಗಳಲ್ಲಿ ಕಟ್ಟಡದ ಅಡಿಪಾಯಕ್ಕೆ ನಿಗದಿಯಾಗಿರುವ ಆಳ 42 ಅಂಗುಲ, ಏಕೆಂದರೆ ಅದಕ್ಕಿಂತ ಮೇಲಿನ ಮಣ್ಣು ಹೆಪ್ಪುಗಟ್ಟಿ ಉಬ್ಬಬಹುದು. ಮೊಣಕಾಲುದ್ದದ ಗುಂಡಿಯಲ್ಲಿ ನಿಲ್ಲಿಸಿದ ಕಂಬವನ್ನು ನೆಲವೇ ಮೇಲಕ್ಕೆ ತಳ್ಳಿ ಓರೆಮಾಡುತ್ತದೆ. ಅಷ್ಟು ಆಳ ತೋಡಲಾಗದಿದ್ದರೆ, ಚಳಿಗಾಲದಲ್ಲಿ ಎತ್ತಿಡಬಹುದಾದ ಹಗುರ ಕಮಾನನ್ನೇ ಕೊಳ್ಳಿ. ತೋಡುವುದೇ ಆದರೆ ಮೊದಲು 811ಕ್ಕೆ ಕರೆ ಮಾಡಿ ನೆಲದಡಿಯ ಅನಿಲ ಮತ್ತು ವಿದ್ಯುತ್ ಮಾರ್ಗಗಳನ್ನು ಗುರುತು ಮಾಡಿಸಿಕೊಳ್ಳಬೇಕು.

ಬೇಸಿಗೆಯ ನಮ್ಮ ತರಕಾರಿ

ಬೇಸಿಗೆ ಕಿರಿದಾದರೂ ಹಗಲು ಹದಿನೈದೂವರೆ ಗಂಟೆಗಳವರೆಗೆ ಹಿಗ್ಗುವುದರಿಂದ ಸೊಪ್ಪು ಹುಚ್ಚೆದ್ದು ಬೆಳೆಯುತ್ತದೆ. ಮೆಂತ್ಯ, ಕೊತ್ತಂಬರಿಗಳನ್ನು ಏಪ್ರಿಲ್ ಕೊನೆಯಲ್ಲೇ ನೇರವಾಗಿ ಬಿತ್ತಬಹುದು. ದಂಟು, ಹರಿವೆಗಳಿಗೆ ಮಣ್ಣು ಬಿಸಿಯಾಗುವವರೆಗೆ, ಅಂದರೆ ಮೇ ಕೊನೆಯವರೆಗೆ ಕಾಯಬೇಕು. ಟೊಮೆಟೊ, ಮೆಣಸಿನಕಾಯಿ, ಬದನೆಗಳಲ್ಲಿ ಬೀಜಕ್ಕಿಂತ ಸಸಿ ಕೊಳ್ಳುವುದೇ ಸುಲಭ, ಆದರೆ ಬ್ಯಾಡಗಿಯಂಥ ತಳಿಯ ಸಸಿ ಇಲ್ಲಿನ ನರ್ಸರಿಯಲ್ಲಿ ಸಿಗದ ಕಾರಣ ಅದನ್ನು ಮಾರ್ಚ್‌ನಲ್ಲಿ ಮನೆಯೊಳಗೆ ದೀಪದಡಿ ಮೊಳೆಸಿಕೊಳ್ಳಬೇಕು.

ಅವರೆಯ ಆಸೆಯನ್ನು ಮಾತ್ರ ಅಳೆದು ಇಟ್ಟುಕೊಳ್ಳಬೇಕು. ಸಾಂಪ್ರದಾಯಿಕ ಅವರೆ ತಳಿಗಳು ಹಗಲು ಕುಗ್ಗಿದ ಮೇಲೆಯೇ ಹೂ ಬಿಡುವಂಥವು. ಇಲ್ಲಿ ಜುಲೈ ತುಂಬ ಬಳ್ಳಿ ಬೇಲಿಯೇರಿ ಸೊಂಪಾಗಿ ಹಬ್ಬುತ್ತದೆ, ಸೆಪ್ಟೆಂಬರ್‌ನಲ್ಲಿ ಹೂ ಕಾಣಿಸಿಕೊಳ್ಳುತ್ತದೆ, ಕಾಯಿ ಬಲಿಯುವ ಮೊದಲೇ ಫ್ರಾಸ್ಟ್ ಬೀಳುತ್ತದೆ. ನೆರಳಿಗೂ ನೋಟಕ್ಕೂ ಬಳ್ಳಿ ಬೇಕೆಂದರೆ ಅವರೆ ಹಾಕಿ. ಪಲ್ಯಕ್ಕೆ ಕಾಯಿ ಬೇಕೆಂದರೆ ಹಗಲಿನ ಉದ್ದವನ್ನು ಲೆಕ್ಕಿಸದ ಹುರುಳಿಕಾಯಿ, ಅಂದರೆ ಬೀನ್ಸ್, ಹಾಕಿ. ಕರಿಬೇವು ಮತ್ತು ಮಲ್ಲಿಗೆಗಳಿಗೆ ನೆಲದ ಯೋಚನೆಯೇ ಬೇಡ. ಅವು ಕುಂಡದಲ್ಲೇ ಇದ್ದು ಜೂನ್‌ನಿಂದ ಆಗಸ್ಟ್‌ವರೆಗೆ ಹೊರಗಿನ ಬಿಸಿಲುಂಡು, ರಾತ್ರಿಯ ಉಷ್ಣಾಂಶ 10 ಡಿಗ್ರಿಯ ಹತ್ತಿರಕ್ಕೆ ಇಳಿಯುವ ಮುನ್ನ ಒಳಗೆ ಬರಬೇಕು. ತರುವ ಮೊದಲು ಎಲೆಯ ಅಡಿಭಾಗವನ್ನು ನೀರಿನಿಂದ ತೊಳೆದು ಹುಳುಗಳಿವೆಯೇ ಎಂದು ನೋಡಿ, ಮನೆಯ ಹೀಟರ್ ಶುರುವಾಗುವುದಕ್ಕೆ ವಾರವೆರಡು ವಾರ ಮುಂಚೆಯೇ ದಕ್ಷಿಣದ ಕಿಟಕಿಯ ಬಳಿ ಇಟ್ಟರೆ, ಒಣಗಾಳಿಗೆ ಹೊಂದಿಕೊಳ್ಳಲು ಅವುಗಳಿಗೆ ಸಮಯ ಸಿಗುತ್ತದೆ.